ಭಾಗಣ್ಣನ ಇನಾಮು

ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿಕೊಂಡು ಅಂಗಾತ ಮಲಗಿದ ಭಾಗಣ್ಣನಿಗೆ ಈಗ ಜಗತ್ತು ಅಂದರೆ ಒಂದು ಕಿಟಕಿ, ಕಿಟಕಿಯಾಚೆ ಒಂದು ಗುಡ್ಡ. ಶಹಾಪುರದ ಆ ಗುಡ್ಡವೂ ಅವನ ಹಾಗೆಯೇ ಅಂಗಾತ ಮಲಗಿದೆ. ಹಣೆ, ಮೂಗು, ತುಟಿ, ಗದ್ದ, ಆಮೇಲೆ ತುಸು ತಗ್ಗಿದ ಕುತ್ತಿಗೆ, ಮತ್ತೆ ಏರಿದ ಎದೆ. ಬುದ್ಧ ಮಲಗಿದ್ದಾನೆ ಎಂದು ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಫೋಟೋ ಹೊಡೆದುಕೊಳ್ಳುವವರುಂಟು. ಭಾಗಣ್ಣ ಮೂವತ್ತೈದು ವರ್ಷ ಕ್ಷೌರ ಮಾಡಿದವನು. ಅವನ ಕಣ್ಣು ಮೊದಲು ಗದ್ದಕ್ಕೆ ಹೋಗುತ್ತದೆ, ಅಲ್ಲಿಂದ ಕುತ್ತಿಗೆಗೆ.

ಆಪರೇಷನ್ ಆಗಿ ಇಪ್ಪತ್ತೆರಡು ದಿನವಾಗಿತ್ತು. ನೋವಿನ ಗುಳಿಗೆ ನುಂಗಿದ ಮೇಲೆ ಬೆಳಗು ಬೈಗು ಒಂದರೊಳಗೊಂದು ಕರಗುತ್ತಿದ್ದವು. ಅಂಥ ಹೊತ್ತಿನಲ್ಲಿ ಗುಡ್ಡ ಮೆಲ್ಲಗೆ ಕಿಟಕಿಯ ಹತ್ತಿರ ಸರಿಯುತ್ತಿತ್ತು. ಒಮ್ಮೊಮ್ಮೆ ಎದ್ದು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೇ ಹೋಗಿ ಕುರ್ಚಿಯಲ್ಲಿ ಕುಳಿತು, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಎಷ್ಟೋ ವರ್ಷದ ಗಿರಾಕಿಯ ಸಲುಗೆಯಿಂದ, "ಭಾಗಣ್ಣಾ, ನನ್ನ ಇನಾಮು ಉಳೀತಲ್ಲ" ಎನ್ನುತ್ತಿತ್ತು. ಅವನು ಗದ್ದಕ್ಕೆ ಕೈ ಹಚ್ಚುವಷ್ಟರಲ್ಲಿ ಎಚ್ಚರವಾಗಿ ಮೈಯೆಲ್ಲ ಬೆವರಿರುತ್ತಿತ್ತು.

ಆ ಇನಾಮಿನ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಭಾಗಣ್ಣನ ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ಅವನದು, ಇನ್ನೊಂದು ಹೆಂಡತಿಯ ತಮ್ಮ ಸಂಗಮನಾಥನದು. ಗಡ್ಡ ಕೆರೆದು, ಪಟಿಕ ಉಜ್ಜಿ, ನೆತ್ತಿಗೆ ಎರಡು ಹನಿ ಎಣ್ಣೆ ತಟ್ಟಿದ ಮೇಲೆ ಭಾಗಣ್ಣ ಒಂದು ಕೈ ಗದ್ದಕ್ಕೆ, ಒಂದು ಕೈ ಹಿಂದಲೆಗೆ ಹಚ್ಚಿ, ಗಿರಾಕಿ ಉಸಿರು ಬಿಡುವ ಹೊತ್ತು ನೋಡಿ ಕುತ್ತಿಗೆಯನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುವುತ್ತಿದ್ದ. ಲಟಕ್. ಗಿರಾಕಿಯ ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇದು ಲೆಕ್ಕದ ಹೊರಗಿನದು, ಪ್ರೀತಿಯಿಂದ ಕೊಡುವ ಇನಾಮು. ಊರಲ್ಲಿ ಬೇರೆ ಕ್ಷೌರಿಕರೂ ತಿರುವುತ್ತಿದ್ದರು, ಆದರೆ ಭಾಗಣ್ಣನ ಕೈಯ ಸಪ್ಪಳವೇ ಬೇರೆ ಎಂದು ಹತ್ತಿಕುಣಿಯಿಂದ, ರಂಗಂಪೇಟೆಯಿಂದ ಬಂದು ಸಾಲು ಹಚ್ಚುವವರಿದ್ದರು. ಆ ಮಾತು ಕೇಳಿ ಕೇಳಿ ಅವನಿಗೆ ಸ್ವಲ್ಪ ಜಂಬವೂ ಬಂದಿತ್ತು. ಬರಲಿ ಬಿಡಿ, ಮನುಷ್ಯನಿಗೆ ಅಷ್ಟೂ ಬೇಡವೇ?

ಒಂದೂವರೆ ವರ್ಷದ ಹಿಂದೆ ಅವನ ಅಂಗಿಯ ಗುಂಡಿ ತೂತು ಹುಡುಕಿ ಸೋಲತೊಡಗಿತು. ಚಪ್ಪಲಿ ಕಾಲಿನಿಂದ ಕಳಚಿ ಹತ್ತು ಹೆಜ್ಜೆ ಹಿಂದೆ ಉಳಿದರೂ ತಿಳಿಯದು, ಯಾರಾದರೂ ಕೂಗಿ ಹೇಳಬೇಕು. ತಲೆ ಬಗ್ಗಿಸಿದರೆ ಬೆನ್ನಗುಂಟ ಕರೆಂಟು ಹರಿದಂತೆ. ವಯಸ್ಸಾಯಿತು, ಐವತ್ತಾರು ಅಂದರೆ ಕಡಿಮೆಯೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕುತ್ತಿಗೆ ಬಿಗಿದಿದೆ ಎಂದು ದಿನಾ ಸಂಜೆ ಸಂಗಮನಾಥನ ಕೈಯಿಂದ ತಾನೂ ಇನಾಮು ಪಡೆಯತೊಡಗಿದ. ಕೊನೆಗೆ ಟಂಟಂ ಆಟೋ ಓಡಿಸುವ ಅಯಾಜನ ಕಿವಿಯ ತುದಿಗೆ ಕತ್ತರಿ ತಾಗಿ ನೆತ್ತರು ಬಂದಾಗ ಹೆಂಡತಿ ಗೊಲ್ಲಾಳಮ್ಮ ಒಂದು ಮಾತೂ ಕೇಳದೆ ಅವನನ್ನು ಕಲಬುರಗಿಯ ಬಸ್ಸು ಹತ್ತಿಸಿದಳು.

ಅಲ್ಲಿಯ ಡಾಕ್ಟರು ಚಂದ್ರಕಲಾ ಎಂಬಾಕೆ. ಮುಷ್ಟಿ ಹಿಡಿದು ಬಿಡ್ರಿ, ಹಿಡಿದು ಬಿಡ್ರಿ, ಎಷ್ಟು ಬೇಗ ಆಗುತ್ತದೋ ಅಷ್ಟು ಎಂದು ಹೇಳಿ ಗಡಿಯಾರ ನೋಡುತ್ತ ಕುಳಿತರು. ಹತ್ತು ಸೆಕೆಂಡಿಗೆ ಇಪ್ಪತ್ತಾದರೂ ಆಗಬೇಕಂತೆ. ಭಾಗಣ್ಣನದು ಒಂಬತ್ತಾಯಿತು. ದಿನವಿಡೀ ಕತ್ತರಿ ಆಡಿಸುವ ಕೈ ಅದು. ಅವನಿಗೆ ಸಿಟ್ಟು ಬಂತು, ಇನ್ನೊಮ್ಮೆ ಮಾಡುತ್ತೇನೆ ಎಂದ. ಇನ್ನೊಮ್ಮೆಯೂ ಒಂಬತ್ತೇ.

ಡಾಕ್ಟರು ಕುತ್ತಿಗೆಯೊಳಗಿನ ಚಿತ್ರವನ್ನು ಬೆಳಕಿಗೆ ಹಿಡಿದರು.

"ಎಲುಬಿನ ಸಾಲಿನ ಹಿಂದ ಒಂದು ಪಟ್ಟಿ ಇರ್ತದ, ನೋಡ್ರಿ. ಅದು ಮೆತ್ತಗ ಇರಬೇಕು. ನಿಮ್ಮದು ಎಲುಬಾಗಿ ಬೆಳೆದದ. ಕೈಕಾಲಿಗೆ ಹೋಗೋ ನರದ ಹುರಿನ್ನ ಒತ್ತಾಕತ್ತದ."

"ಔಷಧಕ್ಕ ಕರಗಂಗಿಲ್ಲೇನ್ರಿ?"

"ಕರಗಂಗಿಲ್ಲ. ಹಿಂದಿನಿಂದ ಎಲುಬು ಸೀಳಿ, ಬಾಗಿಲು ತೆರದಂಗ ತೆರೀತೀವಿ. ಹುರಿಗೆ ಜಾಗ ಸಿಗ್ತದ. ಇದ್ದದ್ದು ಉಳೀಲಿ ಅಂತ ಮಾಡೋದು. ಹೋದದ್ರಾಗ ಒಂದಿಷ್ಟು ತಿರುಗಿ ಬರ್ತದ, ಎಷ್ಟು ಅಂತ ಈಗ ಹೇಳಾಕ ಬರಂಗಿಲ್ಲ. ಕೆಲವರಿಗೆ ಒಂದು ತೋಳು ಕೆಲವು ತಿಂಗಳು ಮ್ಯಾಲ ಏಳಂಗಿಲ್ಲ. ಅದಕ್ಕೂ ತಯಾರಿರ್ರಿ." ಆಮೇಲೆ ಕೇಳಿದರು, "ಯಾರಾದ್ರೂ ಕುತ್ತಿಗಿ ತಿರುವ್ಯಾರೇನು?"

ಗೊಲ್ಲಾಳಮ್ಮ ಮುಂದಾಗಿ ಹೇಳಿದಳು. "ದಿನಾ ಸಂಜಿಮುಂದ ನನ್ನ ತಮ್ಮ ಲಟಕ್ ಅನಸ್ತಾನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಂಥಾ ಕುತ್ತಿಗಿ ಇದ್ದವರಿಗೆ ಹಂಗ ಮಾಡಿದ್ರ ಒಂದ ಸಲಕ್ಕ ಕೈಕಾಲು ಬೀಳಬಹುದು. ನೀವು ಉಳಿದದ್ದು ನಿಮ್ಮ ನಸೀಬು. ಹಂಗ ಬಿದ್ದವರನ್ನ ಲಕ್ವಾ ಹೊಡದದ ಅಂತ ಮನ್ಯಾಗ ಮಲಗಸಿರ್ತಾರ ನಮ್ಮ ಮಂದಿ."

ಆ ಕೋಣೆಯಲ್ಲಿ ಆಮೇಲೆ ಆಡಿದ ಮಾತು ಒಂದೂ ಭಾಗಣ್ಣನ ಕಿವಿಗೆ ಬೀಳಲಿಲ್ಲ. ಅವನ ಕಣ್ಣ ಮುಂದೆ ಮರಿಲಿಂಗಪ್ಪ ಮಾಸ್ತರರ ಗಲ್ಲ ಬಂದು ನಿಂತಿತ್ತು.

ಮರಿಲಿಂಗಪ್ಪನವರು ಗಣಿತದ ಮಾಸ್ತರರು, ನಿವೃತ್ತರಾಗಿ ನಾಲ್ಕು ವರ್ಷ. ಅವರು ಹುಟ್ಟಿದ ಊರಿನಲ್ಲಿ ಕ್ಷೌರಿಕರು ಅವರ ಕೇರಿಯ ತಲೆ ಮುಟ್ಟುತ್ತಿರಲಿಲ್ಲ. ಅವರಪ್ಪನೇ ಬೇವಿನ ಗಿಡದ ಕೆಳಗೆ ಕೂಡಿಸಿ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಕೂದಲು ತೆಗೆಯುತ್ತಿದ್ದನಂತೆ. ಶಹಾಪುರಕ್ಕೆ ಮಾಸ್ತರಿಕೆಗೆ ಬಂದ ಹೊಸತರಲ್ಲಿ ಭಾಗಣ್ಣನ ಅಂಗಡಿಯ ಗಾಜಿನಾಚೆ ಬಹಳ ಹೊತ್ತು ನಿಂತಿದ್ದರು. ಭಾಗಣ್ಣನಿಗೆ ಆಗ ಇಪ್ಪತ್ತೊಂದು. ಕುರ್ಚಿಯನ್ನು ಟವೆಲ್ಲಿನಿಂದ ಒಮ್ಮೆ ಜಾಡಿಸಿ, "ಬರ್ರಿ ಸರ್" ಎಂದಿದ್ದ. ಇಬ್ಬರು ಗಿರಾಕಿಗಳು ಎದ್ದು ಹೋದರು. ಅವನಪ್ಪ ಒಂದು ತಿಂಗಳು ಮಾತು ಬಿಟ್ಟ. ಮಾಸ್ತರರು ಮಾತ್ರ ಅಂದಿನಿಂದ ತಮ್ಮ ತಲೆಯನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಇನಾಮು ಪಡೆಯುವಾಗ ಅವರಷ್ಟು ಕುತ್ತಿಗೆ ಸಡಿಲ ಬಿಡುವ ಗಿರಾಕಿ ಇನ್ನೊಬ್ಬರಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಹಾಗೆಯೇ ತಿರುವಿದಾಗ ಸಪ್ಪಳ ಬರಲಿಲ್ಲ. ಕುತ್ತಿಗೆ ಅರ್ಧಕ್ಕೆ ತಡೆಯಿತು. ಭಾಗಣ್ಣ ತುಸು ಜೋರು ಹಾಕಿದ. ಮಾಸ್ತರರು "ಅಬ್ಬಾ, ಮಿಂಚು ಹೊಡದಂಗಾತು ನೋಡು" ಎಂದು ನಕ್ಕು, ಎದ್ದು, ಅಂಗಡಿಯ ಮೆಟ್ಟಿಲಿಳಿದು ಹೋದರು. ಮನೆಯ ಹೊಸ್ತಿಲಲ್ಲಿ ಕುಸಿದರು. ಎರಡೂ ಕೈ, ಎರಡೂ ಕಾಲು ಹೋದವು. ಲಕ್ವಾ ಎಂದಿತು ಊರು. ಯಾರೋ ಅಬ್ಬೆತುಮಕೂರಿನ ಮಠದಿಂದ ವಿಭೂತಿ ತಂದರು, ಯಾರೋ ಪಾರಿವಾಳದ ನೆತ್ತರು ತಿಕ್ಕಿದರು. ಜೀವಮಾನವಿಡೀ ಇಂಥದ್ದನ್ನು ಬೈದುಕೊಂಡು ಬಂದ ಮಾಸ್ತರರಿಗೆ ಅವರ ಕೈಯನ್ನು ತಳ್ಳಲು ಆಗಲಿಲ್ಲ. ಕೈ ಎತ್ತಿದರಲ್ಲವೇ ತಳ್ಳುವುದು!

ಪ್ರತಿ ರವಿವಾರ ಭಾಗಣ್ಣ ಅವರ ಮನೆಗೆ ಹೋಗಿ ಕ್ಷೌರ ಮಾಡಿ ಬರುತ್ತಿದ್ದ. ಲಕ್ವಾ ಹೊಡೆದ ಮುಖಗಳನ್ನು ಅವನು ಎಷ್ಟು ಕೆರೆದಿಲ್ಲ? ಒಂದು ಗಲ್ಲ ಜೋತುಬಿದ್ದಿರುತ್ತದೆ, ಬಾಯಿ ಒಂದು ಕಡೆ ಎಳೆದಿರುತ್ತದೆ, ಬೆರಳಿನಿಂದ ಚರ್ಮ ಬಿಗಿಹಿಡಿದ ಹೊರತು ಕತ್ತಿ ಓಡುವುದಿಲ್ಲ. ಮಾಸ್ತರರ ಎರಡೂ ಗಲ್ಲ ಮೊದಲಿನಂತೆಯೇ ಗಟ್ಟಿಯಾಗಿದ್ದವು. ಬಾಯಿ ನೆಟ್ಟಗಿತ್ತು. ಇದು ಲಕ್ವಾ ಅಲ್ಲ ಎಂದು ಮೊದಲನೆಯ ರವಿವಾರವೇ ಅವನ ಬೆರಳಿಗೆ ತಿಳಿದಿತ್ತು. ಬೆರಳಿಗೆ ತಿಳಿದದ್ದನ್ನು ಅವನು ತಲೆಯವರೆಗೆ ಬರಗೊಡಲಿಲ್ಲ. ಆದರೂ ಅಂದಿನಿಂದ ಮಾಸ್ತರರಿಗೆ ಇನಾಮು ಕೊಡುವುದನ್ನು ಬಿಟ್ಟಿದ್ದ. ಕೇಳಿದಾಗಲೆಲ್ಲ, "ಮಲಗಿದವರಿಗೆ ಹಿಡಿತ ಸಿಗಂಗಿಲ್ರಿ ಸರ್" ಎನ್ನುತ್ತಿದ್ದ.

ಆಪರೇಷನ್ನಿನ ದಿನ ಮೂಗಿಗೆ ಮುಖವಾಡ ಇಟ್ಟು ಒಂದರಿಂದ ಎಣಿಸು ಎಂದರು. ನಾಲ್ಕಕ್ಕೆ ಅವನು ಹತ್ತಿಕುಣಿಯ ಕೆರೆಯ ಏರಿಯ ಮೇಲಿದ್ದ. ನೀರಿನಗುಂಟ ಕುರ್ಚಿಗಳ ಸಾಲು, ಒಂದೊಂದರಲ್ಲೂ ಅವನು ಮುಟ್ಟಿದ ಒಂದೊಂದು ಕುತ್ತಿಗೆ. ದಪ್ಪವು, ಬಡಕಲು, ತಾಯಿತದವು, ಹೆಂಡತಿ ಪರಚಿದವು. ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವನು ಒಬ್ಬೊಬ್ಬರ ಗದ್ದಕ್ಕೂ ಕೈ ಹಚ್ಚಿ, ತಿರುವದೆ ಬಿಟ್ಟು, ಮುಂದೆ ಹೋಗುತ್ತಿದ್ದ. ಕೊನೆಯ ಕುರ್ಚಿಯಲ್ಲಿ ಗುಡ್ಡ ಕುಳಿತಿತ್ತು. ಹತ್ತಿರ ಹೋದರೆ ಗುಡ್ಡಕ್ಕೆ ಮಾಸ್ತರರ ಗಲ್ಲ. ಕೆರೆಯ ನೀರಿನಲ್ಲಿ ಎಲ್ಲಿಯೋ ಬಾಗಿಲೊಂದು ತೆರೆದ ಸಪ್ಪಳವಾಯಿತು. ಕಣ್ಣು ಬಿಟ್ಟಾಗ ಗೊಲ್ಲಾಳಮ್ಮ ಅವನ ಕಾಲ್ಬೆರಳು ಹಿಡಿದು ಎಳೆಯುತ್ತ, "ತಿಳೀತದೇನು? ಇದು ತಿಳೀತದೇನು?" ಎಂದು ಕೇಳುತ್ತಿದ್ದಳು. ತಿಳಿಯುತ್ತಿತ್ತು.

ಡಾಕ್ಟರು ಹೇಳಿದಂತೆಯೇ ಎಡತೋಳು ಎರಡು ತಿಂಗಳು ಭುಜದ ಮೇಲೆ ಏಳಲಿಲ್ಲ. ಆಮೇಲೆ ದಿನಕ್ಕೊಂದು ಬೆರಳಗಲ ಎದ್ದಿತು. ಚಪ್ಪಲಿ ಕಾಲಲ್ಲೇ ಉಳಿಯತೊಡಗಿತು. ಅಂಗಿಯ ಗುಂಡಿ ಮೇಲಿನದೊಂದು ಬಿಟ್ಟು ಉಳಿದವು ಮಾತು ಕೇಳಿದವು. ಮೂರು ತಿಂಗಳಿಗೆ ಕಲಬುರಗಿಗೆ ಹೋದಾಗ ಮುಷ್ಟಿಯ ಎಣಿಕೆ ಹದಿನೈದಾಗಿತ್ತು. ಚಂದ್ರಕಲಾ ಡಾಕ್ಟರು ಬಹಳ ಖುಷಿಪಟ್ಟರು. ಆ ಖುಷಿಯ ನಡುವೆಯೇ ಅವನು ಕೇಳಿದ.

"ಮೇಡಂ, ಒಬ್ರು ಹಿಂಗ ಬಿದ್ದು ಎರಡೂವರಿ ವರ್ಷ ಆಗ್ಯಾದ. ಅವರಿಗೆ ಈಗ ಮಾಡಿದ್ರ?"

"ತಡ ಆಗ್ಯಾದ. ಒತ್ತಿದ ಜಾಗದಾಗ ನರ ಒಣಗಿರ್ತದ. ನಡೀತಾರ ಅಂತ ನಾ ಹೇಳಂಗಿಲ್ಲ. ಕೈ ಒಂದಿಷ್ಟು ಬಂದ್ರ ಬರಬಹುದು. ಹೆಂಗ ಬಿದ್ರು, ಏನಾಗಿ ಬಿದ್ರು, ಎಲ್ಲಾ ಬರಕೊಂಡು ಅವರನ್ನ ಕರಕೊಂಡು ಬರ್ರಿ."

ತಿರುಗಿ ಬರುವ ಬಸ್ಸಿನಲ್ಲಿ ಗೊಲ್ಲಾಳಮ್ಮ ಕಿಟಕಿಯ ಕಡೆ ಮುಖ ಮಾಡಿಯೇ ಮಾತಾಡಿದಳು. "ಯಾರ ಬಗ್ಗೆ ಕೇಳ್ದಿ ಅಂತ ನನಗ ತಿಳದದ. ಡಾಕ್ಟರ ಹಂತೇಕ ಕರಕೊಂಡು ಹೋಗು, ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಬಾಯಾಗಿಂದ ಆ ಮಾತು ಬರಬಾರದು. ಅಂಗಡಿಗೆ ಒಬ್ಬನೂ ಕಾಲಿಡಂಗಿಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಭಾಗಣ್ಣ ಹೊರಗೆ ನೋಡಿದ. ಹತ್ತಿಯ ಹೊಲಗಳು ನಿದ್ದೆಯಲ್ಲಿ ನಡೆದಂತೆ ಹಿಂದಕ್ಕೆ ಹೋಗುತ್ತಿದ್ದವು. ಅವನಿಗೆ ಭಯವಾಗಿತ್ತು. ಹೆಚ್ಚು ಭಯ ಅಂಗಡಿಯದಲ್ಲ. "ಬರ್ರಿ ಸರ್" ಎಂದ ಇಪ್ಪತ್ತೊಂದರ ಆ ಹುಡುಗನೊಬ್ಬನೇ ಅವನ ಬಾಳಿನಲ್ಲಿ ಹೆಮ್ಮೆಪಡಬಹುದಾದ ಮನುಷ್ಯ. ಈ ಒಂದು ಮಾತಿಗೆ ಅವನೂ ಹೋಗಿಬಿಡುತ್ತಾನೆ.

ರವಿವಾರ ಬೆಳಗ್ಗೆ ಪೆಟ್ಟಿಗೆ ಹಿಡಿದು ಮಾಸ್ತರರ ಮನೆಗೆ ಹೋದ. ಇಷ್ಟು ದಿನ ಸಂಗಮನಾಥ ಬಂದು ಮಾಡಿ ಹೋಗುತ್ತಿದ್ದ. ಮಾಸ್ತರರ ಹೆಂಡತಿ ಬಾಲಮ್ಮ ಅವರನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದಳು. ಗೋಡೆಯ ಮೇಲೆ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ, ಅದರ ಕೆಳಗೆ ಶಾಲೆಯವರು ಕೊಟ್ಟ ಗಡಿಯಾರ.

"ಬಂದ್ಯಾ ಭಾಗಣ್ಣ! ನಿನ್ನ ಭಾಮೈದಂದು ಕೈಯಲ್ಲ, ಒಕ್ಕಲುತನ. ಗಲ್ಲ ಹರಗಿ ಹೋಗ್ಯಾನ ನೋಡು" ಎಂದು ಮಾಸ್ತರರು ನಕ್ಕರು. "ನಿಂದೇನಾತು? ಡಾಕ್ಟರು ಏನಂದ್ರು?"

ಭಾಗಣ್ಣ ಅವರ ಗಲ್ಲಕ್ಕೆ ನೊರೆ ಹಚ್ಚುತ್ತ ಕುತ್ತಿಗೆಯೊಳಗೆ ಒತ್ತಿದ್ದ ನರದ ಹುರಿಯ, ಮುಷ್ಟಿಯ ಪರೀಕ್ಷೆಯ ವಿಷಯ ಹೇಳಿದ. ಗಣಿತದ ಮಾಸ್ತರರಿಗೆ ಎಣಿಕೆ ಎಂದರೆ ಸಾಕು. ಎಲ್ಲಿ, ನನ್ನ ಮುಂದೆ ಮಾಡು ಎಂದರು. ಗಡಿಯಾರ ನೋಡುತ್ತ ತಾವೇ ಎಣಿಸಿದರು. ಹದಿನೈದು. "ಇನ್ನ ನಂದು ಎಣಸು" ಎಂದರು. ಹೊದಿಕೆಯ ಮೇಲೆ ಬಿದ್ದಿದ್ದ, ಇಷ್ಟು ದಿನದಲ್ಲಿ ಬೆರಳಿಗಷ್ಟೇ ತುಸು ಜೀವ ಬಂದಿದ್ದ ಅವರ ಬಲಗೈ ಮೆಲ್ಲಗೆ ಮುಚ್ಚಿತು, ಇನ್ನೂ ಮೆಲ್ಲಗೆ ತೆರೆಯಿತು. ಮೂರು. ಅವರು ತಮ್ಮ ಕೈಯನ್ನೇ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಮುಖ ಬೆಳಗಿತು.

"ಅಂದ್ರ ಇದು ಲಕ್ವಾ ಅಲ್ಲ! ಎರಡೂ ಕೈ, ಎರಡೂ ಕಾಲು, ಬಾಯಿ ನೆಟ್ಟಗದ. ನಿಂದೂ ನಂದೂ ಒಂದ ರೋಗ. ಬಾಲೀ, ಕೇಳಿದೇನು? ನನಗೂ ಆಪರೇಷನ್ ಆಗ್ತದ!"

ಬಾಲಮ್ಮ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಭಾಗಣ್ಣನ ಎದೆ ಹಗುರಾಯಿತು. ಹೇಳಬೇಕಾದದ್ದನ್ನು ಮಾಸ್ತರರೇ ಹೇಳಿಬಿಟ್ಟಿದ್ದರು. ನಾಳೆಯೇ ಹೋಗೋಣ ಎಂದರೆ ಮುಗಿಯಿತು. ಬಿದ್ದದ್ದು ಹೇಗೆ ಎಂದು ಡಾಕ್ಟರು ಕೇಳಿದರೆ ಹೊಸ್ತಿಲು ಎಡವಿ ಎಂದರಾಯಿತು. ಹೆಂಡತಿಯ ಮಾತೂ ಉಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ, ಆ ಹುಡುಗನೂ ಉಳಿಯುತ್ತಾನೆ. ಅವನು ಕತ್ತಿಗೆ ಹೊಸ ಬ್ಲೇಡು ಹಾಕಿ ಬಲಗಲ್ಲ ಕೆರೆದು ಮುಗಿಸಿದ.

ಮಾಸ್ತರರು ಕಣ್ಣು ಮುಚ್ಚಿ, ಗದ್ದವನ್ನು ಅವನ ಕಡೆ ಎತ್ತಿದರು. "ಇವತ್ತ ಭಾಳ ಖುಷಿ ಆಗ್ಯಾದ. ಕುತ್ತಿಗಿ ಬಿಗದದ ಭಾಗಣ್ಣ. ಈಗ ಕುಂತೀನಲ್ಲ, ಹಿಡಿತ ಸಿಗ್ತದ. ಒಂದು ಇನಾಮು ಕೊಟ್ಟುಬಿಡು."

ಎರಡೂವರೆ ವರ್ಷದ ಮೇಲೂ ಆ ಕುತ್ತಿಗೆ ಅವನ ಮುಂದೆ ಹಾಗೆಯೇ ಸಡಿಲವಾಗಿ ಬಂದು ನಿಂತಿತು. ಭಾಗಣ್ಣನ ಕೈಯಿಂದ ಕತ್ತಿ ನೀರಿನ ಬಟ್ಟಲಿಗೆ ಬಿತ್ತು.

"ಕೊಡಂಗಿಲ್ರಿ ಸರ್. ಅದ ನಿಮ್ಮನ್ನ ಕೆಡವಿದ್ದು. ಅವತ್ತ ನಿಮ್ಮ ಕುತ್ತಿಗಿ ತಿರಗಲಿಲ್ಲ, ನಾ ಜೋರು ಹಾಕಿದೆ. ನಿಮ್ಮ ಗಲ್ಲ ಮುಟ್ಟಿದ ದಿನಾನ ನನಗ ಸಂಶೆ ಇತ್ತು. ಹೇಳಲಿಲ್ಲ. ನಾನ ಮಾಡೀನ್ರಿ."

ಬಾಲಮ್ಮ ಹಿಟ್ಟಿನ ಕೈಯಿಂದಲೇ ಅವನ ಪೆಟ್ಟಿಗೆ ಎತ್ತಿ ಅಂಗಳಕ್ಕೆ ಎಸೆದಳು. ಬಾಚಣಿಕೆ, ಪಟಿಕ, ಎಣ್ಣೆಯ ಬಾಟಲಿ ಎಲ್ಲ ಚೆಲ್ಲಾಡಿದವು. ಅವಳ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಒಂದೂ ಸುಳ್ಳಾಗಿರಲಿಲ್ಲ. ಎರಡೂವರೆ ವರ್ಷ ಅವಳು ಆ ದೇಹವನ್ನು ಹೊರಳಿಸಿ, ತೊಳೆದು, ಉಣಿಸಿದ್ದಳು. ಮಾಸ್ತರರ ಅರ್ಧ ಮುಖಕ್ಕೆ ನೊರೆ ಹಾಗೆಯೇ ಇತ್ತು. ಅದು ಒಣಗುವವರೆಗೂ ಅವರು ಗಡಿಯಾರ ನೋಡುತ್ತ ಕುಳಿತಿದ್ದರು. ಆಮೇಲೆ, "ನಾಳಿಗೆ ಅಯಾಜನ ಗಾಡಿ ಹೇಳು. ಡಾಕ್ಟರ ಮುಂದ ಇದನ್ನ ಹಿಂಗ ಹೇಳು. ಈಗ ಹೋಗು" ಎಂದರು.

ಭಾಗಣ್ಣ ಹಾಗೆಯೇ ಹೇಳಿದ. ಡಾಕ್ಟರು ಬರೆದುಕೊಂಡರು. ಮಾಸ್ತರರ ಕುತ್ತಿಗೆಯ ಚಿತ್ರದಲ್ಲೂ ಅದೇ ಎಲುಬಾದ ಪಟ್ಟಿ, ಅದರ ಎದುರಿಗೆ ಹುರಿಯಲ್ಲಿ ನರ ಒಣಗಿದ ಗುರುತಾಗಿ ಬಿಳಿಯ ಕಲೆ. ಆಪರೇಷನ್ ಆಯಿತು. ಮಾತು ಊರಿಗೆಲ್ಲ ಹಬ್ಬಿತು. ಗೊಲ್ಲಾಳಮ್ಮ ಅಂಜಿದಷ್ಟು ಗಿರಾಕಿ ತಪ್ಪಲಿಲ್ಲ, ಅವನು ಅಂದುಕೊಂಡಷ್ಟು ಉಳಿಯಲೂ ಇಲ್ಲ. ಅಂಗಡಿಯ ಕನ್ನಡಿಯ ಮೇಲೆ ಅವನೇ ಬರೆಸಿ ಹಚ್ಚಿದ: ಇಲ್ಲಿ ಕುತ್ತಿಗೆ ತಿರುವುವುದಿಲ್ಲ. ಹಳೆಯ ಗಿರಾಕಿಗಳು ಈಗಲೂ ಕ್ಷೌರ ಮುಗಿದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಅವನು ಬಿಸಿನೀರಿನ ಟವೆಲ್ಲನ್ನು ಅವರ ಕೊರಳಿಗೆ ಸುತ್ತಿ ಕೈ ತೆಗೆಯುತ್ತಾನೆ.

ಆರು ತಿಂಗಳವರೆಗೆ ಮಾಸ್ತರರ ಮನೆಯಿಂದ ಕರೆ ಬರಲಿಲ್ಲ. ಪ್ರತಿ ರವಿವಾರ ಅವನು ಪೆಟ್ಟಿಗೆ ಸಿದ್ಧಮಾಡಿಕೊಂಡು, ಸ್ನಾನ ಮಾಡಿ, ಕಿಟಕಿಯ ಹತ್ತಿರ ಕುಳಿತು ಗುಡ್ಡ ನೋಡುತ್ತಿದ್ದ. ಬೆಳಗಿನ ಮಂಜಿನಲ್ಲಿ ಗುಡ್ಡ ಒಮ್ಮೊಮ್ಮೆ ಉಸಿರಾಡಿದಂತೆ ಕಾಣುತ್ತಿತ್ತು. ಈಗ ಅದು ಇನಾಮು ಕೇಳುವುದನ್ನು ಬಿಟ್ಟಿತ್ತು. ಕ್ಷಮಿಸಿದ್ದೇನೆ ಎಂಬ ಒಂದು ಮಾತಿಗಾಗಿ ಅವನ ಜೀವ ಬಾಯಿಬಿಡುತ್ತಿತ್ತು.

ಒಂದು ರವಿವಾರ ಅಯಾಜ್ ಬಂದು, ಮಾಸ್ತರರು ಕರೆಯುತ್ತಿದ್ದಾರೆ, ಪೆಟ್ಟಿಗೆ ಬೇಡವಂತೆ ಎಂದ.

ಮಾಸ್ತರರು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಕಾಲು ಬಂದಿರಲಿಲ್ಲ, ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬಾಲಮ್ಮ ಅವನ ಮುಖ ನೋಡದೆ ಒಳಗೆ ಹೋದಳು. ಮಾಸ್ತರರು ಬಲಗೈ ಎತ್ತಿ ತೋರಿಸಿ, ಮುಷ್ಟಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು, "ಎಂಟು" ಎಂದರು. ಪಕ್ಕದ ಸ್ಟೂಲಿನ ಮೇಲೆ ನೀರು, ಬ್ರಶ್ಶು, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ರೇಜರು, ಒಂದು ಕನ್ನಡಿ ಇದ್ದವು. ಭಾಗಣ್ಣ ಮುಂದೆ ಬಾಗಿ ಬ್ರಶ್ಶಿಗೆ ಕೈ ಹಾಕಿದ.

"ಅದನ್ನ ಮುಟ್ಟಬ್ಯಾಡ" ಎಂದರು ಮಾಸ್ತರರು. "ಇನ್ನ ಮ್ಯಾಲ ನಾನ ಮಾಡ್ಕೋತೀನಿ. ನೀ ಕನ್ನಡಿ ಹಿಡಿ."

ಅವನು ಕನ್ನಡಿ ಹಿಡಿದು ಮೊಣಕಾಲೂರಿ ಕುಳಿತ. ಅವರು ನೊರೆ ಹಚ್ಚಿಕೊಂಡರು, ಕಿವಿಗೂ ಮೂಗಿಗೂ ತಾಗಿತು. ರೇಜರು ಗಲ್ಲದ ಮೇಲೆ ತಡೆದು ತಡೆದು ಇಳಿಯಿತು. ಕೆಲವೆಡೆ ಕೂದಲು ಉಳಿಯಿತು, ಗದ್ದದ ಹತ್ತಿರ ಸಣ್ಣಗೆ ಕೊಯ್ದು ನೆತ್ತರು ಬಂತು. ಮೂವತ್ತೈದು ವರ್ಷ ಅವನು ಮುಟ್ಟಿದ ಮುಖ ಅದು. ಇನ್ನು ಅದು ಅವನ ಕೈಗೆ ಬರುವುದಿಲ್ಲ ಎಂದು ಭಾಗಣ್ಣನಿಗೆ ತಿಳಿಯಿತು. ಕೈಯಲ್ಲಿಯ ಕನ್ನಡಿ ಅಲುಗಿ ಒಂದು ಕಡೆ ವಾಲಿತು.

"ಅಲಗಾಡಸಬ್ಯಾಡ" ಎಂದರು ಮಾಸ್ತರರು ಕನ್ನಡಿಯಿಂದ ಕಣ್ಣು ತೆಗೆಯದೆ. "ಇನ್ನೊಂದು ಗಲ್ಲ ಉಳದದ."

ಭಾಗಣ್ಣ ಎಡತೋಳನ್ನು ಭುಜದವರೆಗೆ ಎತ್ತಿ, ಎರಡೂ ಕೈಯಿಂದ ಕನ್ನಡಿಯನ್ನು ಗಟ್ಟಿಯಾಗಿ ಹಿಡಿದ.